ತ್ರೀ ನಾಟ್ ತ್ರೀ ರೈಫಲ್: ಯಾವ ಭಾಗ ಯಾವ ಕಾಲದ್ದು ಎಂದು ಗುರುತಿಸುವುದು ಹೇಗೆ?

ಬ್ರಿಟಿಷ್ ಸೈನ್ಯದ ಹಳೇ ಲೀ-ಎನ್‌ಫೀಲ್ಡ್ ರೈಫಲಿನ ಮೇಲೆ 1912 ಅಂತ ಒತ್ತಿದೆ ಅಂದುಕೊಳ್ಳಿ. ಮಾರುವವರು ಅದನ್ನು 1912ರ ರೈಫಲ್ ಅನ್ನುತ್ತಾರೆ. ನಿಜ ಹೇಳಬೇಕೆಂದರೆ, ಆ ಇಸವಿ ಒತ್ತಿದ ಒಂದು ಉಕ್ಕಿನ ತುಂಡು ಮಾತ್ರ 1912ರದ್ದು. ನಳಿಗೆ ಇಪ್ಪತ್ತರ ದಶಕದ್ದಿರಬಹುದು. ಬೋಲ್ಟಿನ (ಕೈಯಿಂದ ಹಿಂದೆ ಮುಂದೆ ಎಳೆದು ಗುಂಡನ್ನು ನಳಿಗೆಗೆ ತಳ್ಳುವ ಉಕ್ಕಿನ ಭಾಗ) ಹಿಂತುದಿ ಮೊದಲ ಮಹಾಯುದ್ಧದ ನಡುವಿನದ್ದಿರಬಹುದು. ಮರ ಬಂಗಾಳದ ಇಶಾಪುರದಲ್ಲಿ ಕೂಡಿಸಿದ್ದಿರಬಹುದು. ಅಜ್ಜನ ಸೈಕಲ್ ಇದ್ದ ಹಾಗೆ: ಫ್ರೇಮ್ ಒಂದು ಕಾಲದ್ದು, ಚಕ್ರ ಇನ್ನೊಂದು ಕಾಲದ್ದು, ಸೀಟು ಮೊನ್ನೆಯದು.

ಹಾಗಾಗಿ ಇಡೀ ರೈಫಲಿಗೆ ಒಂದು ಇಸವಿ ಕೊಡುವ ಆಸೆ ಬಿಡಿ. ಒಂದೊಂದು ಭಾಗವನ್ನೂ ಬೇರೆಯಾಗಿ ನೋಡಿ. ಅದರ ಆಕಾರ ಯಾವ ಕಾಲದ ವಿನ್ಯಾಸ, ಅದರ ಮೇಲಿನ ಗುರುತು ಏನು ಹೇಳುತ್ತದೆ, ಇವೆರಡೂ ಹೊಂದುತ್ತವೆಯೇ ಅಂತ ಕೇಳಿ. ಹೊಂದದಿದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ: ಈ ಭಾಗವನ್ನು ಬದಲಾಯಿಸಿದ್ದು ಸೈನ್ಯದ ಕಮ್ಮಾರಶಾಲೆಯೋ, ಅಥವಾ ಬೆಲೆ ಏರಿಸಲು ಹೊರಟ ವ್ಯಾಪಾರಿಯೋ? ನನಗೆ ಈ ಹವ್ಯಾಸದ ರುಚಿ ಇರುವುದೇ ಈ ಪ್ರಶ್ನೆಯಲ್ಲಿ.

ಇಲ್ಲಿ ತೆಗೆದುಕೊಂಡಿರುವುದು ಮುಖ್ಯವಾಗಿ ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್ ಮಾರ್ಕ್ 3 ಮತ್ತು ಅದರ ಸರಳ ರೂಪವಾದ ಮಾರ್ಕ್ 3 ಸ್ಟಾರ್. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಕಂಡ 'ತ್ರೀ ನಾಟ್ ತ್ರೀ' ಇದೇ ಕುಟುಂಬದ್ದು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ.

ಮೊದಲು ಕಾನೂನು, ಆಮೇಲೆ ಭೂತಗನ್ನಡಿ

ಭಾರತದಲ್ಲಿ .303, ಅಂದರೆ ತ್ರೀ ನಾಟ್ ತ್ರೀ, ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಸಾಮಾನ್ಯ ಲೈಸೆನ್ಸಿನಲ್ಲಿ ಇಟ್ಟುಕೊಳ್ಳುವ ಆಯುಧ ಅಲ್ಲ. 1959ರ ಆಯುಧ ಕಾಯ್ದೆ 'ಆಯುಧ' ಅನ್ನುವಾಗ ಬಿಡಿಭಾಗಗಳನ್ನೂ ಸೇರಿಸಿಯೇ ಹೇಳುತ್ತದೆ. "ಬರೀ ಬೋಲ್ಟ್ ಅಲ್ವಾ, ಅದಕ್ಕೇನು" ಅಂತ ಗುಜರಿ ಅಂಗಡಿಯಿಂದ ಸುಮ್ನೆ ಎತ್ತಿಕೊಂಡು ಬರಬೇಡಿ. ಹಳೇ ಮಾದರಿಯ ಅಥವಾ ಪುರಾತನ ಬೆಲೆಯುಳ್ಳ ಆಯುಧಗಳಿಗೆ ಕಲಂ 45ರಲ್ಲಿ ವಿನಾಯಿತಿ ಇದೆ. ಆದರೆ ಅದು ರಿಪೇರಿ ಮಾಡಿದರೂ ಬಂದೂಕಾಗಿ ಕೆಲಸ ಮಾಡಬಾರದು ಎಂಬುದು ಷರತ್ತು. ಹಳೆಯದು ಅನ್ನುವುದೊಂದೇ ಸಾಲದು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಅಲ್ಲೂ ಯಾವ ಬಗೆಯ ಕೋವಿ, ಎಷ್ಟು ಅನ್ನುವ ಷರತ್ತುಗಳಿವೆ. ಅಧಿಸೂಚನೆಯ ಪ್ರತಿ ತರಿಸಿ ಓದುವುದು ಒಳ್ಳೆಯದು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳನ್ನು ದೇಶದ ಹೊರಗೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ.

ಇಂಗ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ರೈಫಲ್ ಕಾನೂನುಬದ್ಧವಾಗಿ ಸಿಗುವ ದಾರಿಗಳಿವೆ. ಒಂದೊಂದು ದೇಶದ ನಿಯಮ ಒಂದೊಂದು ಥರ, ಅಮೆರಿಕದಲ್ಲಂತೂ ರಾಜ್ಯಕ್ಕೊಂದು ಥರ. ಭಾರತದಲ್ಲಿರುವ ನಮಗೆ ಉಳಿಯುವುದು ಮುಖ್ಯವಾಗಿ ಮ್ಯೂಸಿಯಂ, ರೆಜಿಮೆಂಟಿನ ಸಂಗ್ರಹ, ಫೋಟೋ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಂಥ ಕಡೆ ಗಾಜಿನಾಚೆ ನಿಂತು ನೋಡುವವರಿಗೂ ಮುಂದೆ ಹೇಳುವ ಗುರುತುಗಳು ಬಹುತೇಕ ಉಪಯೋಗಕ್ಕೆ ಬರುತ್ತವೆ. ಜಾಸ್ತಿ ಗುರುತುಗಳು ಹೊರಗೇ ಕಾಣುತ್ತವೆ.

ಕೈಗೆ ಸಿಕ್ಕ ರೈಫಲ್ ಆದರೆ ಮೊದಲ ಕೆಲಸ ಒಂದೇ. ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಮ್ಯಾಗಜೀನ್ (ಗುಂಡು ತುಂಬುವ ಪೆಟ್ಟಿಗೆ) ತೆಗೆಯಿರಿ, ಬೋಲ್ಟ್ ಹಿಂದೆಳೆಯಿರಿ, ಗುಂಡು ಕೂರುವ ಜಾಗವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. "ಖಾಲಿ ಇದೆ ಸಾರ್" ಅನ್ನುವ ಮಾತನ್ನು ನಂಬಬೇಡಿ. ಭಾಗ ಗುರುತಿಸುವ ಕೆಲಸಕ್ಕೆ ಗುಂಡು ಹಾರಿಸುವ ಅಗತ್ಯವೇ ಇಲ್ಲ.

ಬೇಕಾದ ಸಾಮಾನು: ಸಣ್ಣ ಟಾರ್ಚ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಒಂದು ಅಯಸ್ಕಾಂತ, ನೋಟ್‌ಬುಕ್. ಸವೆದ ಅಕ್ಷರ ಓದಲು ಟಾರ್ಚನ್ನು ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಷ್ಟಕ್ಕೂ ಕಾಣದಿದ್ದರೆ ಬಿಳಿ ಸೀಮೆಸುಣ್ಣ ಮೆಲ್ಲಗೆ ತಿಕ್ಕಿ ಒರೆಸಿ. ಉಪ್ಪುಕಾಗದ, ತಂತಿ ಬ್ರಷ್, ಬ್ರಾಸೋ ಇವನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬನ್ನಿ.

ಹಂತ 1: ಬಾಡಿಯ ಬಲಗಡೆ ಓದುವುದು

ಇಲ್ಲಿಂದ ಮುಂದೆ ಎಡ-ಬಲ ಅನ್ನುವಾಗ ರೈಫಲಿನ ಬಾಯಿ ನಿಮ್ಮಿಂದ ಆಚೆಗೆ ಇದೆ ಅಂತ ಇಟ್ಟುಕೊಳ್ಳಿ.

ಬೋಲ್ಟ್ ಓಡಾಡುವ ಮುಖ್ಯ ಉಕ್ಕಿನ ಭಾಗಕ್ಕೆ ಬಾಡಿ ಅನ್ನುತ್ತಾರೆ. ಅದರ ಹಿಂತುದಿ, ಬಟ್ಟಿನ (ಹೆಗಲಿಗೆ ಒತ್ತಿ ಹಿಡಿಯುವ ಹಿಂಭಾಗದ) ಮರ ಬಂದು ಕೂರುವ ಬಳೆಯಂಥ ಜಾಗ, ಬಟ್ ಸಾಕೆಟ್. ಅದರ ಬಲಗಡೆ ಮೇಲಿಂದ ಕೆಳಕ್ಕೆ ಓದಿ: ಕಿರೀಟ, ರಾಜನ ಅಕ್ಷರಗಳು, ಕಾರ್ಖಾನೆ, ಇಸವಿ, ಮಾದರಿ.

ಇ.ಆರ್. ಅಂದರೆ ಏಳನೇ ಎಡ್ವರ್ಡ್, 1901ರಿಂದ 1910. ಜಿ.ಆರ್. ಅಂದರೆ ಐದನೇ ಅಥವಾ ಆರನೇ ಜಾರ್ಜ್. ಜಿ.ಆರ್.ಐ. ಅಂತಿದ್ದರೆ ಕಣ್ಣರಳಿಸಿ, ಅದು ಇಶಾಪುರ. ಕೊನೆಯ ಐ ಚಕ್ರವರ್ತಿ ಅನ್ನುವುದಕ್ಕೆ. ಸ್ವಾತಂತ್ರ್ಯದ ನಂತರ ಆ ಜಾಗಕ್ಕೆ ಅಶೋಕನ ಸಿಂಹಗಳು ಬಂದವು.

ಕಾರ್ಖಾನೆಗಳು ಹೀಗೆ: ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಲಂಡನ್ನಿನ ಎಲ್.ಎಸ್.ಎ., ಆಸ್ಟ್ರೇಲಿಯಾದ ಲಿತ್‌ಗೋ, ನಮ್ಮ ಇಶಾಪುರ. ಇಶಾಪುರದ ರೈಫಲ್ ಫ್ಯಾಕ್ಟರಿ 1904ರಲ್ಲಿ ಶುರುವಾಯಿತು, ಹೂಗ್ಲಿ ದಡದಲ್ಲಿ. ಆರ್.ಎಫ್.ಐ. ಅನ್ನುವ ಮೂರಕ್ಷರ ಅದರದು. ಮೊದಲ ಯುದ್ಧದಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಟ್ಯಾಂಡರ್ಡ್ ಸ್ಮಾಲ್ ಆರ್ಮ್ಸ್ ಕೂಡ ಕೆಲ ಕಾಲ ತಯಾರಿಸಿತು. ಅದೇ ಮುಂದೆ ನ್ಯಾಷನಲ್ ರೈಫಲ್ ಫ್ಯಾಕ್ಟರಿ ಆಯಿತು. ಎಸ್.ಎಸ್.ಎ., ಎನ್.ಆರ್.ಎಫ್. ಗುರುತುಗಳು ಅವರವು, ಸಿಗುವುದು ಅಪರೂಪ.

ಮಾದರಿಯ ಸಾಲಿನಲ್ಲಿ 'ಎಸ್.ಎಚ್.ಟಿ. ಎಲ್.ಇ.' ಅಂದರೆ ಶಾರ್ಟ್ ಲೀ-ಎನ್‌ಫೀಲ್ಡ್. ಅದರ ಮುಂದೆ ರೋಮನ್ ಮೂರು, ಆಮೇಲೆ ನಕ್ಷತ್ರ (ಸ್ಟಾರ್ ಅನ್ನುವುದು ಇದಕ್ಕೇ) ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಈ ನಕ್ಷತ್ರವನ್ನು ಲೆನ್ಸ್ ಹಿಡಿದು ನೋಡಿ. ಕೆಲವದರಲ್ಲಿ ಆಮೇಲೆ ಒತ್ತಿದ್ದಾರೆ, ಹಾಗಾಗಿ ಪಕ್ಕದ ಅಕ್ಷರಗಳಿಗಿಂತ ಆಳ ಅಥವಾ ಗಾತ್ರ ಬೇರೆ. ಕೆಲವದರಲ್ಲಿ ನಕ್ಷತ್ರದ ಮೇಲೆ ಗೀಟು ಎಳೆದಿದ್ದಾರೆ, ಅಂದರೆ ಸ್ಟಾರ್ ಆಗಿದ್ದನ್ನು ಮತ್ತೆ ಪೂರ್ತಿ ಮಾರ್ಕ್ 3 ಮಾಡಿದ್ದಾರೆ. 1926ರಲ್ಲಿ ಹೆಸರಿಡುವ ಪದ್ಧತಿ ಬದಲಾಗಿ ಇದೇ ರೈಫಲ್ 'ನಂಬರ್ 1' ಆಯಿತು. ಹೆಸರು ಬದಲಾಯಿತೇ ಹೊರತು ರೈಫಲ್ ಅಲ್ಲ.

ಒಂದು ಬಲೆ ಇಲ್ಲಿದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಶಾರ್ಟ್ ರೈಫಲಿಗೆ ಒಪ್ಪಿಗೆ ಸಿಕ್ಕಿದ್ದು 1902ರ ಕೊನೆಗೆ. ಹಾಗಾದರೆ ವಿ.ಆರ್. ಇರುವ ಶಾರ್ಟ್ ರೈಫಲೆಲ್ಲ ನಕಲಿಯೇ? ಅಲ್ಲ. ಹಳೇ ಉದ್ದನೆಯ ರೈಫಲ್‌ಗಳನ್ನು ಕತ್ತರಿಸಿ, ಮಾರ್ಪಡಿಸಿ ಶಾರ್ಟ್ ಮಾಡಿದ್ದೂ ಉಂಟು. ಅವುಗಳ ಮೇಲೆ ಮಾದರಿಯ ಸಾಲಿನಲ್ಲಿ 'ಕನ್ವರ್ಟೆಡ್' ಎಂಬುದರ ಸಂಕ್ಷೇಪ ಇರುತ್ತದೆ. ಸಂಕ್ಷೇಪ ಇದ್ದು ವಿ.ಆರ್. ಇದ್ದರೆ ಸರಿ. ಸಂಕ್ಷೇಪ ಇಲ್ಲದೆ, ಕೆಳಗೆ 1910ನೇ ಇಸವಿ, ಮೇಲೆ ವಿಕ್ಟೋರಿಯಾ ಇದ್ದರೆ ಅದು ಖೈಬರ್ ಕಣಿವೆಯ ಕೈಚಳಕ. ಈಗಿನ ಪಾಕಿಸ್ತಾನದಲ್ಲಿರುವ ದರಾ ಆದಮ್ ಖೇಲ್‌ನ ಕಸುಬುದಾರರು ಓದು ಬರಹ ಬಾರದಿದ್ದರೂ ಅಸಲಿಯನ್ನು ನೋಡಿ ಅರದಿಂದ ಇಡೀ ರೈಫಲ್ ತಯಾರಿಸುತ್ತಿದ್ದರು. ಇಂಗ್ಲಿಷ್ ಎನ್ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುವುದು, ಎನ್‌ಫೀಲ್ಡಿನ ಸ್ಪೆಲ್ಲಿಂಗ್ ತಪ್ಪಿರುವುದು, ಸಾಲು ಓರೆಯಾಗಿರುವುದು ಅವರ ರೈಫಲಿನ ಗುರುತುಗಳು. ಹಾರಿಸುವುದಕ್ಕೆ ಅಪಾಯಕಾರಿ, ಆದರೆ ಸಂಗ್ರಹಕ್ಕೆ ಅದೂ ಒಂದು ಸ್ವಾರಸ್ಯದ ವಸ್ತುವೇ. ಖೈಬರಿನದು ಅಂತ ಗೊತ್ತಿದ್ದು ಕೊಳ್ಳಬೇಕು ಅಷ್ಟೇ.

ಹಂತ 2: ಮಾರ್ಕ್ 3ರಿಂದ ಸ್ಟಾರಿಗೆ ಹೋದಾಗ ಏನು ಬಿಟ್ಟರು?

ಇದೇ ಮುಖ್ಯ ಹಂತ. ನಿಧಾನವಾಗಿ ಮಾಡಿ.

ಮಾರ್ಕ್ 3 ಬಂದದ್ದು 1907ರಲ್ಲಿ. ಅದರ ಮುಂಚಿನ ಮಾರ್ಕ್ 1ರಲ್ಲಿ ಗುಂಡಿನ ಕ್ಲಿಪ್ ಕೂರಿಸುವ ದಾರಿಯ ಅರ್ಧ ಭಾಗ ಬೋಲ್ಟಿನ ತಲೆಯ ಮೇಲೆ ಜಾರುತ್ತಿತ್ತು. ಮಾರ್ಕ್ 3ರಲ್ಲಿ ಬಾಡಿಯ ಮೇಲೆ ಅಡ್ಡವಾಗಿ ಒಂದು ಗಟ್ಟಿ ಸೇತುವೆ ಬಂತು. ಮೇಲಿನಿಂದ ನೋಡಿದ ಕೂಡಲೇ ಈ ವ್ಯತ್ಯಾಸ ಕಾಣುತ್ತದೆ.

ಮಾರ್ಕ್ 3 ಚೆಂದದ ರೈಫಲ್, ಆದರೆ ತಯಾರಿಸಲು ಹೊತ್ತು ಜಾಸ್ತಿ. 1914ರಲ್ಲಿ ಯುದ್ಧ ಶುರುವಾದಾಗ ಲಕ್ಷಗಟ್ಟಲೆ ರೈಫಲ್ ಬೇಕಾಯಿತು. ಕಂದಕದಲ್ಲಿ ಕೂತ ಸೈನಿಕನಿಗೆ ಬೇಡದ್ದನ್ನೆಲ್ಲ ಕಿತ್ತರು. 1915ರ ಕೊನೆ, 1916ರ ಶುರುವಿನ ಹೊತ್ತಿಗೆ ಬಂದ ಆ ಸರಳ ರೂಪವೇ ಮಾರ್ಕ್ 3 ಸ್ಟಾರ್. ಒಂದೊಂದಾಗಿ ನೋಡೋಣ.

ಕಟ್-ಆಫ್. ಬೋಲ್ಟಿನ ಬಲಗಡೆ, ಬಾಡಿಯ ಸೀಳಿನೊಳಗೆ ಜಾರುವ ಒಂದು ಚಪ್ಪಟೆ ಉಕ್ಕಿನ ತಗಡು. ಒಳಗೆ ತಳ್ಳಿದರೆ ಮ್ಯಾಗಜೀನಿನ ಬಾಯಿ ಮುಚ್ಚುತ್ತದೆ. ಆಗ ಸೈನಿಕ ಒಂದೊಂದೇ ಗುಂಡು ಹಾಕಿ ಹೊಡೆಯಬೇಕು, ಮ್ಯಾಗಜೀನಿನ ಹತ್ತು ಗುಂಡು ಕಷ್ಟಕಾಲಕ್ಕೆ ಉಳಿಯುತ್ತವೆ. ಮದ್ದುಗುಂಡು ಪೋಲು ಮಾಡುತ್ತಾರೆ ಎಂಬ ಮೇಲಧಿಕಾರಿಗಳ ಹಳೇ ಭಯದ ಫಲ ಇದು. ಸ್ಟಾರಿನಲ್ಲಿ ಇದನ್ನು ಬಿಟ್ಟರು.

ಆದರೆ ಎಚ್ಚರ, ತಗಡು ಬಿಟ್ಟರು ಅಂದಮಾತ್ರಕ್ಕೆ ಸೀಳು ಹೋಯಿತು ಅಂತಲ್ಲ. ಬಾಡಿಗಳು ಆಗಲೇ ತಯಾರಾಗಿದ್ದವು, ಯಂತ್ರಗಳೂ ಸೀಳು ಕೊರೆಯುವಂತೆಯೇ ಹೊಂದಿಕೊಂಡಿದ್ದವು. ಹಾಗಾಗಿ ಸೀಳಿದ್ದೂ ತಗಡಿಲ್ಲದ ಸ್ಟಾರ್ ರೈಫಲ್ ಪೂರ್ತಿ ಸಹಜ. ಸೀಳು ಕಂಡ ಕೂಡಲೇ "ಇದರ ಕಟ್-ಆಫ್ ಕಳೆದುಹೋಗಿದೆ" ಅಂತ ಒಂದು ತಗಡು ತಂದು ಕೂರಿಸುವ ಉತ್ಸಾಹಿಗಳಿದ್ದಾರೆ. ಹೀಗೆ ಮಾಡಿದರೆ ಸರಿಯಾಗಿದ್ದ ಸ್ಟಾರ್ ಹಾಳಾಗುತ್ತದೆ. ಸೀಳೇ ಇಲ್ಲದ ಬಾಡಿ ಸಿಕ್ಕರೆ ಮಾತ್ರ ಖಾತ್ರಿ: ಅದು ಹುಟ್ಟಿನಿಂದಲೇ ಸ್ಟಾರ್.

ದೂರದ ಸೈಟ್ (ಸೈಟ್ ಅಂದರೆ ಗುರಿ ಹಿಡಿಯಲು ನೋಡುವ ಸಾಧನ). ಎಡಗಡೆ, ನಳಿಗೆಯ ಕೆಳಗಿನ ಉದ್ದನೆಯ ಮರದ ಮೇಲೆ ನಡುಭಾಗದಲ್ಲಿ ಒಂದು ಗುಂಡನೆಯ ಲೋಹದ ತಟ್ಟೆ, ಅದರ ಮೇಲೆ ತಿರುಗುವ ಮುಳ್ಳು, ಗಜಗಳ ಅಂಕಿ. ಇದಕ್ಕೆ ಜೊತೆಯಾಗಿ ಹಿಂದೆ, ಸೇಫ್ಟಿಯ (ಗುಂಡು ಹಾರದಂತೆ ತಡೆಯುವ ಕೀಲಿನ) ಹತ್ತಿರ, ಮೇಲಕ್ಕೆತ್ತುವ ತೂತಿನ ಕಡ್ಡಿ. ಒಂದಿಡೀ ತುಕಡಿ ಸೇರಿ 2800 ಗಜ ದೂರದವರೆಗೆ ಗುಂಡಿನ ಮಳೆ ಸುರಿಸುವ ಲೆಕ್ಕಾಚಾರ ಇದರದ್ದು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಾಲದ ಯೋಚನೆ. ಎದುರಿನ ಕಂದಕ ಕೂಗಳತೆಯಲ್ಲಿದ್ದಾಗ ಇದರಿಂದ ಏನು ಪ್ರಯೋಜನ? ಹೋಯಿತು.

ಇಲ್ಲಿ ಮರವನ್ನು ಓದುವುದು ಮುಖ್ಯ. ಮಾರ್ಕ್ 3ರ ಮರದಲ್ಲಿ ತಟ್ಟೆ ಕೂರಲು ಕೆತ್ತಿದ ಗುಳಿ ಇರುತ್ತದೆ. ತಟ್ಟೆ ಕಿತ್ತು ಗುಳಿಗೆ ಮರದ ತುಂಡು ಕೂರಿಸಿದ್ದರೆ ಅದು ಸೈನ್ಯದ ರಿಪೇರಿ ಇರಬಹುದು. ಅಂಥ ತೇಪೆಯ ಬಣ್ಣ ಸುತ್ತಲಿನ ಮರದೊಂದಿಗೇ ಹಳತಾಗಿರುತ್ತದೆ. ಈಚೆಗೆ ಗುಳಿ ತೋಡಿ ತಟ್ಟೆ ಕೂರಿಸಿದ್ದರೆ ಅಂಚು ಚೂಪಾಗಿರುತ್ತದೆ, ಒಳಗಿನ ಮರ ತಿಳಿಬಣ್ಣದ್ದು. ಸ್ಕ್ರೂ ಬಿಚ್ಚಲು ಬಿಟ್ಟರೆ ತಟ್ಟೆಯ ಕೆಳಗೆ ಒಮ್ಮೆ ನೋಡಿ. ನೂರು ವರ್ಷದ ಎಣ್ಣೆ, ಧೂಳು ಅಲ್ಲಿ ಇದೆಯೋ ಇಲ್ಲವೋ ಅನ್ನುವುದರಿಂದಲೇ ಜಾಸ್ತಿ ವಿಷಯ ತಿಳಿಯುತ್ತದೆ. ಈ ಸೈಟುಗಳ ಹೊಸ ನಕಲು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ.

ಹಿಂದಿನ ಸೈಟ್. ನಳಿಗೆಯ ಮೇಲೆ ಮಲಗಿರುವ, 2000 ಗಜದವರೆಗೆ ಅಂಕಿ ಇರುವ ಪಟ್ಟಿ. ಮಾರ್ಕ್ 3ರಲ್ಲಿ ಇದರ ತುದಿಯ ವಿ ಕಚ್ಚನ್ನು ಎಡಬಲ ಸರಿಸಲು ಬಲಗಡೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಗಾಳಿಯ ಲೆಕ್ಕ ಹಿಡಿಯಲು ಅದು. ಸ್ಟಾರಿನಲ್ಲಿ ಕಚ್ಚು ಅಲುಗಾಡುವುದಿಲ್ಲ. ಈ ಪಟ್ಟಿ ಸುಲಭವಾಗಿ ಬದಲಾಯಿಸುವ ಭಾಗ, ಆದ್ದರಿಂದ ಒಂಟಿ ಸಾಕ್ಷಿಯಾಗಿ ನಂಬಬೇಡಿ. ಪಟ್ಟಿ ಎತ್ತಿ ಅಡಿಯಲ್ಲಿ ನೋಡಿದರೆ ಸೀರಿಯಲ್ ನಂಬರ್ ಇರುತ್ತದೆ. ಅದು ಬಾಡಿಯ ನಂಬರಿಗೆ ಹೊಂದಿದರೆ ಮಾತಿಗೆ ಬಲ ಬರುತ್ತದೆ.

ಸೈಟಿನ ಹತ್ತಿರ ನಳಿಗೆಯ ಮೇಲೆ ಎಚ್.ವಿ. ಅಂತ ಒತ್ತಿರುವುದು ಕಂಡರೆ ಬರೆದಿಟ್ಟುಕೊಳ್ಳಿ. 1910ರಲ್ಲಿ ಚೂಪು ಮೂತಿಯ, ವೇಗದ ಮಾರ್ಕ್ 7 ಗುಂಡು ಬಂತು. ಅದಕ್ಕೆ ತಕ್ಕಂತೆ ಸೈಟ್ ಹೊಂದಿಸಿದ್ದಾರೆ ಅನ್ನುವ ಗುರುತು ಅದು.

ಕಾಕಿಂಗ್ ಪೀಸ್. ಬೋಲ್ಟಿನ ಹಿಂತುದಿಯಲ್ಲಿ ಬೆರಳಿಂದ ಹಿಡಿದೆಳೆಯುವ ತುಂಡು. ಮೊದಲು ಇದು ಗುಂಡನೆಯ ಗುಬುಟು. ಯುದ್ಧದ ನಡುವೆ ಎರಡೂ ಪಕ್ಕ ಚಪ್ಪಟೆಯಾದ, ಅಡ್ಡಗೀರಿನ ತುಂಡಾಯಿತು. ಚಪ್ಪಟೆ ತುಂಡನ್ನು ಯಂತ್ರದಲ್ಲಿ ಬೇಗ ಕಡಿಯಬಹುದು ಅನ್ನುವುದೇ ಕಾರಣ. 1912ರ ಬಾಡಿಯಲ್ಲಿ ಚಪ್ಪಟೆಯದ್ದು ಇದ್ದರೆ ಅದು ಆಮೇಲೆ ಬಂದದ್ದು ಎನ್ನುವುದರಲ್ಲಿ ಸಂಶಯ ಬೇಡ. ಸೈನ್ಯದಲ್ಲಿ ಹೀಗೆ ಬದಲಾಗಿರುವುದು ತೀರಾ ಸಾಮಾನ್ಯ, ಅದಕ್ಕೆ ರೈಫಲನ್ನು ಕೀಳಾಗಿ ನೋಡಬೇಕಿಲ್ಲ.

ಇನ್ನು ಬಟ್ಟಿನ ಬಲಗಡೆಯ ಹಿತ್ತಾಳೆ ಬಿಲ್ಲೆ. ಯಾವ ರೆಜಿಮೆಂಟಿನದು, ರ್‍ಯಾಕಿನಲ್ಲಿ ಎಷ್ಟನೆಯದು ಅಂತ ಇದರ ಮೇಲೆ ಒತ್ತುತ್ತಿದ್ದರು. ಶತ್ರುವಿನ ಕೈಗೆ ಸಿಕ್ಕರೆ ಎದುರು ಯಾವ ದಳ ಇದೆ ಅಂತ ಗೊತ್ತಾಗುತ್ತದಲ್ಲ, ಆ ಭಯ ಒಂದು ಕಡೆ, ಉಳಿತಾಯ ಇನ್ನೊಂದು ಕಡೆ. ಸ್ಟಾರಿನಲ್ಲಿ ಬಿಲ್ಲೆ ಇಲ್ಲ. ಪ್ರಸಿದ್ಧ ರೆಜಿಮೆಂಟಿನ ಹೆಸರಿರುವ ಫಳಫಳ ಬಿಲ್ಲೆ ಕಂಡರೆ ನಾನಂತೂ ಮೊದಲು ಅನುಮಾನವನ್ನೇ ಪಡುತ್ತೇನೆ. ರೈಫಲಿನಲ್ಲಿ ಇಷ್ಟು ಸುಲಭವಾಗಿ ನಕಲು ಮಾಡಬಹುದಾದ ಭಾಗ ಇನ್ನೊಂದಿಲ್ಲ.

ಒಂದು ಮಾತು ಸೇರಿಸಬೇಕು. ಎಲ್ಲ ಕಾರ್ಖಾನೆಗಳೂ ಒಂದೇ ಬೆಳಿಗ್ಗೆ ಎದ್ದು ಬದಲಾಗಲಿಲ್ಲ. ಬಿ.ಎಸ್.ಎ. ಬೇಗ ಸ್ಟಾರಿಗೆ ಹೋಯಿತು. ಎಲ್.ಎಸ್.ಎ. 1917ರಲ್ಲೂ ಸ್ಟಾರ್ ಇಲ್ಲದ ಮಾರ್ಕ್ 3 ಮಾಡುತ್ತಿತ್ತು. ಇದ್ದ ಬಿಡಿಭಾಗ ಮುಗಿಯುವವರೆಗೆ ಹಳೆಯದನ್ನೇ ಹಾಕುವುದು ಎಲ್ಲ ಕಡೆಯ ರೂಢಿ. ಯುದ್ಧ ಮುಗಿದ ಮೇಲೆ ಮತ್ತೆ ಕಟ್-ಆಫ್ ಇರುವ ಮಾರ್ಕ್ 3ಗಳೂ ತಯಾರಾದವು. ಆದ್ದರಿಂದ "1916ರ ನಂತರ ಕಟ್-ಆಫ್ ಇದ್ದರೆ ನಕಲಿ" ಎಂಬಂಥ ಸೂತ್ರ ಕೇಳಿದರೆ ನಕ್ಕು ಸುಮ್ಮನಾಗಿ.

ಹಂತ 3: ನಂಬರ್ ಮತ್ತು ಸಣ್ಣ ಅಕ್ಷರಗಳು

ಸೀರಿಯಲ್ ನಂಬರನ್ನು ಬಾಡಿಯ ಮುಂಭಾಗ, ನಳಿಗೆಯ ಬುಡ, ಬೋಲ್ಟ್ ಹಿಡಿಯ ಹಿಂಬದಿ, ಹಿಂದಿನ ಸೈಟಿನ ಅಡಿ, ಮೂತಿಯ ಉಕ್ಕಿನ ಟೋಪಿ ಅಂದರೆ ನೋಸ್ ಕ್ಯಾಪ್, ಮತ್ತು ಅದರ ಹಿಂದೆ ಮರದ ಅಡಿಯಲ್ಲಿ ಹುಡುಕಿ. ಆರೂ ಕಡೆ ಒಂದೇ ನಂಬರ್ ಸಿಗುವುದು ಅಪರೂಪ. ಹಳೇ ನಂಬರಿಗೆ ಗೀಟು ಹಾಕಿ ಹೊಸದು ಒತ್ತಿದ್ದರೆ ಒಳ್ಳೆಯದೇ. ರಿಪೇರಿ ಮಾಡಿದವನು ಮುಚ್ಚಿಡದೆ ಮಾಡಿದ್ದಾನೆ, ಅದು ಸೈನ್ಯದ ಪದ್ಧತಿ. ಹಳೇ ನಂಬರನ್ನು ಅರ ಹಾಕಿ ಉಜ್ಜಿ, ಆ ಜಾಗ ಕುಳಿ ಬಿದ್ದು ಹೊಳೆಯುತ್ತಿದ್ದರೆ ಅನುಮಾನ ಪಡಿ.

ಸಣ್ಣ ಭಾಗಗಳ ಮೇಲೂ ಕಾರ್ಖಾನೆಯ ಅಕ್ಷರ ಇರುತ್ತದೆ. ಇ.ಎಫ್.ಡಿ. ಅಂದರೆ ಎನ್‌ಫೀಲ್ಡ್. ಬಾಣದ ಗುರುತು ಸರ್ಕಾರದ ಸ್ವತ್ತು ಅನ್ನುವುದಕ್ಕೆ. ಅದರ ಕೆಳಗೆ ಇಂಗ್ಲಿಷ್ ಐ ಇದ್ದರೆ ಭಾರತ. ಸಿ ಅಕ್ಷರದೊಳಗೆ ಬಾಣ ಇದ್ದರೆ ಕೆನಡಾ, ಯು ಒಳಗಿದ್ದರೆ ದಕ್ಷಿಣ ಆಫ್ರಿಕಾ, ಎರಡು ಡಿ ನಡುವೆ ಇದ್ದರೆ ಆಸ್ಟ್ರೇಲಿಯಾ. ಎರಡು ಬಾಣಗಳು ಮೂತಿಗೆ ಮೂತಿ ಕೂಡಿಸಿ ನಿಂತಿದ್ದರೆ ಸೇವೆಯಿಂದ ಮಾರಿ ಹೊರಹಾಕಿದ್ದು. ಎಫ್.ಟಿ.ಆರ್. ಮತ್ತು ಇಸವಿ ಇದ್ದರೆ ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಿದ್ದಾರೆ. ಅಂಥ ರೈಫಲಿನಲ್ಲಿ ಕಲಬೆರಕೆ ಭಾಗಗಳನ್ನು ತಪ್ಪು ಅನ್ನುವುದೇ ತಪ್ಪು. ಡಿ.ಪಿ. ಇದ್ದರೆ ಕವಾಯತಿಗೆ ಮಾತ್ರ ಅಂತ ಇಳಿಸಿದ ರೈಫಲ್. ಎನ್.ಸಿ.ಸಿ.ಯಲ್ಲಿದ್ದವರಿಗೆ ಈ ಎರಡಕ್ಷರ ನೆನಪಿರುತ್ತದೆ.

ಹಂತ 4: ಮರ ಏನು ಹೇಳುತ್ತದೆ

ಇಂಗ್ಲೆಂಡಿನದು ಹೆಚ್ಚಾಗಿ ವಾಲ್ನಟ್. ಲಿತ್‌ಗೋದಲ್ಲಿ ಕ್ವೀನ್ಸ್‌ಲ್ಯಾಂಡ್ ಮೇಪಲ್, ಕೋಚ್‌ವುಡ್ ಬಳಸಿದರು. ಕೋಚ್‌ವುಡ್ ಮೆದು, ಅದಕ್ಕೇ ಗುಂಡು ಹಾರಿದಾಗ ಬಾಡಿ ಒದೆಯುವ ಜಾಗದಲ್ಲಿ ತಾಮ್ರದ ತಗಡು ಕೂರಿಸಿದರು. ಎರಡನೇ ಯುದ್ಧಕಾಲದ ಆಸ್ಟ್ರೇಲಿಯಾದ ಮರದ ಮೇಲೆ ಸ್ಲ್ಯಾಜೆಂಜರ್ ಎಂಬುದರ ಮೊದಲ ಅಕ್ಷರಗಳು ಕಂಡರೆ ಆಶ್ಚರ್ಯ ಬೇಡ. ಹೌದು, ಟೆನಿಸ್ ರ್‍ಯಾಕೆಟ್ಟಿನ ಅದೇ ಕಂಪನಿ.

ಇಶಾಪುರದ ಸಹಿ ಅನ್ನಬಹುದಾದ ಗುರುತು ಒಂದಿದೆ. ಮ್ಯಾಗಜೀನಿಗೆ ಸ್ವಲ್ಪ ಮುಂದೆ, ಮರದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಅಡ್ಡವಾಗಿ ಹಾಕಿದ ಸ್ಕ್ರೂ. ಮರ ಸೀಳದಿರಲಿ ಅಂತ ಹಾಕಿದ್ದು. ಎನ್‌ಫೀಲ್ಡ್ 1912 ಅಂತ ಒತ್ತಿದ ರೈಫಲಿನಲ್ಲಿ ಈ ಸ್ಕ್ರೂ ಕಂಡರೆ ಅದು ಭಾರತದಲ್ಲಿ ದುಡಿದು ಇಶಾಪುರದ ಕೈ ಕಂಡ ರೈಫಲ್ ಅನ್ನಬಹುದು. ಕೆಲವು ಸಂಗ್ರಾಹಕರು ಇದನ್ನು ದೋಷ ಅಂತ ಎಣಿಸಿ ಬೇರೆ ಮರ ಹಾಕಿಸುತ್ತಾರೆ. ನನ್ನ ಮಟ್ಟಿಗೆ ಅದು ಇದ್ದ ಇತಿಹಾಸವನ್ನು ಬಿಸಾಡಿದ ಹಾಗೆ.

ಬಟ್ಟಿನ ತುದಿಯ ತಗಡಿಗೆ ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆಯಾದರೆ ಅಂಟುವುದಿಲ್ಲ, ಉಕ್ಕಾದರೆ ಅಂಟುತ್ತದೆ. ಕಪ್ಪು ಬಣ್ಣ ಬಳಿದಾಗ ಕಣ್ಣಿಗೆ ಎರಡೂ ಒಂದೇ. ಬಟ್ಟಿನ ಮೇಲೆ ಎಲ್, ಎಸ್ ಅಥವಾ ಬಿ ಅಕ್ಷರ ಇದ್ದರೆ ಅದು ಉದ್ದದ ಅಳತೆ: ಲಾಂಗ್, ಶಾರ್ಟ್, ಬ್ಯಾಂಟಮ್. ಅಕ್ಷರ ಇಲ್ಲದ್ದು ಮಾಮೂಲಿ ಅಳತೆ.

ಮರ ಬಿಚ್ಚುವವರಿಗೆ ಒಂದು ಕಿವಿಮಾತು, ದಯವಿಟ್ಟು ಮರೆಯಬೇಡಿ. ಬಟ್ಟನ್ನು ಹಿಡಿದಿರುವ ಉದ್ದನೆಯ ಬೋಲ್ಟಿನ ಮುಂತುದಿ ಚೌಕಾಕಾರ. ಅದು ಮುಂದಿನ ಮರದ ಹಿಂತುದಿಯಲ್ಲಿರುವ ಪುಟ್ಟ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ತೆಗೆಯದೆ ಬಟ್ ಬೋಲ್ಟ್ ತಿರುಗಿಸಿದರೆ ಚೌಕ ತುದಿ ತಿರುಗಿ ಮರ ಚಟಾರ್ ಅಂತ ಸೀಳುತ್ತದೆ. ಯಾವಾಗಲೂ ಮುಂದಿನ ಮರ ಮೊದಲು, ಬಟ್ ಆಮೇಲೆ. ಅಲ್ಲಿ ಹೊಸ ಸೀಳು, ಅಂಟಿನ ಗುರುತು ಕಂಡರೆ ಯಾರೋ ಅವಸರ ಮಾಡಿದ್ದಾರೆ ಅಂತಲೇ ಲೆಕ್ಕ.

ಹಂತ 5: ಅಣ್ಣತಮ್ಮಂದಿರ ಭಾಗ ಬೇರೆಮಾಡುವುದು

ಎರಡನೇ ಮಹಾಯುದ್ಧದ ಹೊತ್ತಿಗೆ ಬಂದ ತಮ್ಮ, ನಂಬರ್ 4 ರೈಫಲಿನ ಭಾಗಗಳನ್ನು ನಂಬರ್ 1ರದ್ದು ಅಂತ ಮಾರುವುದುಂಟು. ಇಡೀ ರೈಫಲ್ ಎದುರಿಗಿದ್ದರೆ ಗೊಂದಲ ಇಲ್ಲ. ನಂಬರ್ 1ರ ನಳಿಗೆ ನೋಸ್ ಕ್ಯಾಪಿನೊಳಗೇ ಮುಗಿಯುತ್ತದೆ, ನಂಬರ್ 4ರದ್ದು ಮರದಿಂದ ಹೊರಗೆ ಚಾಚಿರುತ್ತದೆ. ನಂಬರ್ 1ರ ಹಿಂದಿನ ಸೈಟ್ ನಳಿಗೆಯ ಮೇಲೆ, ನಂಬರ್ 4ರದ್ದು ಬಾಡಿಯ ಹಿಂಭಾಗದಲ್ಲಿ, ತೂತಿನ ಸೈಟ್. ಬಾಡಿಯ ಎಡಗೋಡೆ ನಂಬರ್ 4ರಲ್ಲಿ ಚಪ್ಪಟೆ.

ನಂಬರ್ 4ರೊಳಗೂ ಇದೇ ಥರದ ಕಥೆ ಇದೆ. ಮಾರ್ಕ್ 1ರಲ್ಲಿ ಬೋಲ್ಟ್ ಹೊರತೆಗೆಯಲು ಒತ್ತುವ ಒಂದು ಕೊಕ್ಕೆ. ಯುದ್ಧದ ನಡುವೆ ಕೆನಡಾದ ಲಾಂಗ್ ಬ್ರ್ಯಾಂಚ್ ಮತ್ತು ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳು ಅದನ್ನು ಬಿಟ್ಟು ಬೋಲ್ಟಿನ ದಾರಿಯಲ್ಲೇ ಒಂದು ಕಚ್ಚು ಕಡಿದವು, ಅದು ಮಾರ್ಕ್ 1 ಸ್ಟಾರ್. 1949ರ ಮಾರ್ಕ್ 2ರಲ್ಲಿ ಟ್ರಿಗರ್ ಕೆಳಗಿನ ಗಾರ್ಡಿನಿಂದ ಬಾಡಿಗೆ ಬಂತು. ಮರ ಉಬ್ಬಿ ಕುಗ್ಗಿದರೂ ಟ್ರಿಗರಿನ ಎಳೆತ ಬದಲಾಗದಿರಲಿ ಅಂತ. ಇಂಗ್ಲೆಂಡಿನ ಯುದ್ಧಕಾಲದ ಭಾಗಗಳ ಮೇಲೆ ಎಂ, ಎನ್ ಅಥವಾ ಎಸ್ ಅಕ್ಷರ, ಜೊತೆಗೆ ಅಂಕಿ ಇರುತ್ತದೆ. ಅದು ಮಿಡ್‌ಲ್ಯಾಂಡ್ಸ್, ಉತ್ತರ, ದಕ್ಷಿಣ ಎಂಬ ಪ್ರದೇಶ ಸಂಕೇತ. ಬಾಂಬ್ ಹಾಕುವ ಶತ್ರುವಿಗೆ ಕಾರ್ಖಾನೆಯ ಹೆಸರು ತಿಳಿಯಬಾರದಲ್ಲ.

ಇಶಾಪುರದ 2ಎ ಮತ್ತು 2ಎ1 ರೈಫಲ್‌ಗಳ ಬಗ್ಗೆ ಒಂದು ತಪ್ಪು ಕಲ್ಪನೆ ಹರಡಿದೆ. ಇವು .303ಯನ್ನು ತಿದ್ದಿ ಮಾಡಿದ್ದಲ್ಲ. ಚೀನಾ ಯುದ್ಧದ ನಂತರ, ಅರವತ್ತರ ದಶಕದಲ್ಲಿ, 7.62 ಮಿಲಿಮೀಟರ್ ಗುಂಡಿಗಾಗಿಯೇ ಗಟ್ಟಿ ಉಕ್ಕಿನಲ್ಲಿ ಹೊಸದಾಗಿ ಮಾಡಿದ್ದು. ಹೊರರೂಪ ಮಾತ್ರ ಹಳೇ ಮಾರ್ಕ್ 3 ಸ್ಟಾರಿನದು. ಮ್ಯಾಗಜೀನ್ ನೋಡಿದರೆ ಸಾಕು: .303ರದ್ದು ಅಡಿಯಲ್ಲಿ ಓರೆ, ಇದರದ್ದು ಪೆಟ್ಟಿಗೆಯಂತೆ ಚೌಕ, ಹನ್ನೆರಡು ಗುಂಡು ಹಿಡಿಯುತ್ತದೆ. 2ಎ1ರ ಹಿಂದಿನ ಸೈಟಿನ ಅಂಕಿ 2000ದ ಬದಲು 800ಕ್ಕೇ ನಿಲ್ಲುತ್ತದೆ. ಇನ್ನೊಂದು ಇಶಾಪುರದ ಮಾರ್ಪಾಡು .410 ಮಸ್ಕೆಟ್. ಕಾವಲುಗಾರರಿಗೆ, ಪೊಲೀಸರಿಗೆ ಅಂತ .303ರ ನಳಿಗೆಯನ್ನು ಅಗಲಿಸಿ ಒಳಗಿನ ಸುತ್ತುಗೀರು ತೆಗೆದುಹಾಕಿದ್ದು. ಮ್ಯಾಗಜೀನಿನೊಳಗೆ ಮರದ ತುಂಡು ತುಂಬಿರುತ್ತದೆ. ಅಂಥದ್ದನ್ನು "ಮ್ಯಾಗಜೀನ್ ಕೆಟ್ಟಿರುವ ತ್ರೀ ನಾಟ್ ತ್ರೀ" ಅಂತ ನಂಬಿ ಕೊಂಡವರಿದ್ದಾರೆ.

ಬಯೊನೆಟ್ ಜೊತೆಗೆ ಬಂದಿದ್ದರೆ ಅದನ್ನೂ ಬೇರೆಯಾಗಿ ಓದಿ. 1907ರ ಮಾದರಿಯ 17 ಇಂಚಿನ ಅಲಗಿಗೆ ಮೊದಲು ಅಡ್ಡಪಟ್ಟಿಯಲ್ಲಿ ಕೊಕ್ಕೆ ಇತ್ತು, 1913ರಲ್ಲಿ ತೆಗೆದರು. ಸೈನ್ಯವೇ ಎಷ್ಟೋ ಕೊಕ್ಕೆಗಳನ್ನು ಕಡಿದು ಹಾಕಿತು. ಹಾಗಾಗಿ ಕೊಕ್ಕೆ ಉಳಿದಿರುವುದಕ್ಕೆ ಬೆಲೆ ಜಾಸ್ತಿ, ಬೆಸುಗೆ ಹಾಕಿ ಕೊಕ್ಕೆ ಕೂಡಿಸುವವರೂ ಜಾಸ್ತಿ. ಎರಡನೇ ಯುದ್ಧದಲ್ಲಿ ಭಾರತದಲ್ಲಿ ಅಲಗನ್ನು 12 ಇಂಚಿಗೆ ಇಳಿಸಿದರು. ಅದು ಮುರಿದದ್ದಲ್ಲ.

ಹಂತ 6: ಬರೆದು ಜೋಡಿಸುವುದು

ನೋಟ್‌ಬುಕ್ಕಿನಲ್ಲಿ ಒಂದೊಂದು ಭಾಗಕ್ಕೆ ಒಂದು ಸಾಲು. ಭಾಗದ ಹೆಸರು, ಕಂಡ ಆಕಾರ, ಕಂಡ ಗುರುತು, ಅದು ಹೇಳುವ ಕಾಲ. ಕಂಡದ್ದನ್ನು ಒಂದು ಕಡೆ, ಊಹೆಯನ್ನು ಇನ್ನೊಂದು ಕಡೆ ಬರೆಯಿರಿ. ಆಗ ಮೊದಲು ಹೇಳಿದ 1912ರ ರೈಫಲ್ ಹೀಗೆ ಬಿಡಿಸಿಕೊಳ್ಳಬಹುದು: ಬಾಡಿ ಎನ್‌ಫೀಲ್ಡ್ 1912, ಸ್ಟಾರ್ ಇಲ್ಲ, ಕಟ್-ಆಫ್ ಇದೆ. ಕಾಕಿಂಗ್ ಪೀಸ್ ಚಪ್ಪಟೆ, ಯುದ್ಧಕಾಲದ್ದು ಅಥವಾ ನಂತರದ್ದು. ಹಿಂದಿನ ಸೈಟಿನಲ್ಲಿ ಗಾಳಿ ಸ್ಕ್ರೂ ಇಲ್ಲ, ನಂಬರೂ ಬೇರೆ. ಮರದಲ್ಲಿ ಇಶಾಪುರದ ಸ್ಕ್ರೂ ಇದೆ, ದೂರದ ಸೈಟಿನ ಗುಳಿ ಇಲ್ಲ. ಇದು ಭಾರತೀಯ ಸೇನೆಯಲ್ಲಿ ದುಡಿದು, ರಿಪೇರಿ ಆಗುತ್ತಾ ಬಂದ ರೈಫಲ್ ಎಂಬುದಕ್ಕೆ ಎಲ್ಲ ಸಾಲುಗಳೂ ಒಂದಕ್ಕೊಂದು ಹೊಂದುತ್ತವೆ.

ಇದೇ ರೈಫಲಿನಲ್ಲಿ ಮರದಲ್ಲಿ ಇಶಾಪುರದ ಸ್ಕ್ರೂ ಇದ್ದು, ಪಕ್ಕದಲ್ಲೇ ಹೊಚ್ಚ ಹೊಸ ಗುಳಿಯಲ್ಲಿ ದೂರದ ಸೈಟಿನ ತಟ್ಟೆ, ಬಟ್ಟಿನ ಮೇಲೆ ಫಳಫಳ ಬಿಲ್ಲೆ ಇದ್ದರೆ? ಆಗ ಕಥೆ ಹೊಂದುವುದಿಲ್ಲ. ರಿಪೇರಿಗೆ ಕೂತ ಇಶಾಪುರದವರು ಬೇಡದ ಹಳೇ ಸೈಟನ್ನು ಕೂರಿಸುವ ಕಾರಣ ಇಲ್ಲ. 'ಅಸಲಿ 1912' ಅಂತ ಹೇಳುವ ಬೆಲೆಯಲ್ಲಿ ತಟ್ಟೆ, ಬಿಲ್ಲೆಗಳ ಬೆಲೆಯನ್ನು ಮೊದಲು ಕಳೆಯಿರಿ.

ದೂರದಿಂದ ಕೊಳ್ಳುವುದಾದರೆ ಇಷ್ಟು ಫೋಟೋ ಕೇಳಿ: ಬಟ್ ಸಾಕೆಟಿನ ಎರಡೂ ಕಡೆ, ಬೋಲ್ಟ್ ಹಿಡಿಯ ಹಿಂಬದಿ, ಕಟ್-ಆಫ್ ಸೀಳು ಹತ್ತಿರದಿಂದ, ಸೈಟಿನ ಅಡಿ, ಮರದ ಎಡಗಡೆ ಪೂರ್ತಿ, ನೋಸ್ ಕ್ಯಾಪ್ ಎದುರಿನಿಂದ, ನಳಿಗೆಯ ಬುಡ. ಪಕ್ಕದಿಂದ ಬೆಳಕು ಬಿಟ್ಟು ತೆಗೆಯಲು ಹೇಳಿ. ಪದೇಪದೇ ಕೇಳಿದರೂ ಸೈಟಿನ ಅಡಿಯ ಫೋಟೋ ಒಂದನ್ನೇ ಕಳಿಸದವರ ಹತ್ತಿರ ವ್ಯಾಪಾರ ಬೇಡ.